ಹೀರೇಬಳ್ಳಿ ಮುಗಿದ ಮೇಲೆ

ನಮ್ಮ ದಾವಣಗೆರೆ ಕಡೆ ಕೆಟ್ಟು ನಿಂತ ಮೋಟಾರ್ ಸೈಕಲ್ಲನ್ನು ಯಾರೂ ಅವಸರದಿಂದ ಗುಜರಿಗೆ ಹಾಕುವುದಿಲ್ಲ. ಮೊದಲು ಅದನ್ನು ಗೋಡೆಗೆ ಒರಗಿಸುತ್ತಾರೆ. ಆಮೇಲೆ ಸೀಟಿನ ಮೇಲೆ ಒಂದು ಚೀಲ ಬಂದು ಕೂರುತ್ತದೆ, ಹ್ಯಾಂಡಲ್ಲಿಗೆ ಒದ್ದೆ ಟವೆಲ್ ಬೀಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಓಡುತ್ತಿದ್ದ ವಸ್ತು ಎನ್ನುವುದೇ ಮನೆಯವರಿಗೆ ಮರೆತಿರುತ್ತದೆ. ಪಿ.ಜೆ. ಬಡಾವಣೆಯಲ್ಲಿ ನನ್ನ ಸೋದರಮಾವನ ಮನೆ ಹಿತ್ತಿಲಲ್ಲಿದ್ದ 1979ರ ಯೆಜ್ಡಿ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ಕೃಷಿಗೆ ಇಳಿದಿತ್ತು. ನೆಲದಿಂದ ಎದ್ದ ಹೀರೇಬಳ್ಳಿ ಹಿಂದಿನ ಚಕ್ರದ ಕಡ್ಡಿಗಳಲ್ಲಿ ನುಸುಳಿ, ಸೀಟು ದಾಟಿ, ಹೆಡ್‌ಲೈಟನ್ನು ಎರಡು ಸುತ್ತು ಸುತ್ತಿ, ಅಲ್ಲಿಂದ ಕಾಂಪೌಂಡಿನ ಆಚೆಗೆ ಇಣುಕುತ್ತಿತ್ತು.

ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಾಡಿ ಕೇಳಲು ಹೋದರೆ ಅತ್ತೆ ಇಲ್ಲವೆನ್ನಲಿಲ್ಲ. “ಒಯ್ಯಪ್ಪಾ, ನೀನು ಬಿಟ್ರೆ ಅದನ್ನ ಯಾರು ಕೇಳ್ತಾರೆ. ಆದ್ರೆ ಬಳ್ಳಿ ಈಗಷ್ಟೇ ಹೂ ಬಿಟ್ಟೈತಿ. ಕಾಯಿ ಮುಗೀಲಿ” ಎಂದರು. ಹಾಗಾಗಿ ನನ್ನ ದುರಸ್ತಿ ಕೆಲಸದ ಮೊದಲ ಹಂತ ಹೀರೇಕಾಯಿ ತಿನ್ನುವುದಾಯಿತು. ಬೇಗ ಮುಗಿಯಲಿ ಎಂಬ ಸ್ವಾರ್ಥದಿಂದ ವಾರಕ್ಕೊಮ್ಮೆ ಹೋಗಿ ಬಜ್ಜಿ, ಪಲ್ಯ, ಸಿಪ್ಪೆ ಚಟ್ನಿ ಎಲ್ಲವನ್ನೂ ಹೊಟ್ಟೆತುಂಬ ತಿಂದೆ. ಅಳಿಯನಿಗೆ ಈ ವಯಸ್ಸಿನಲ್ಲಿ ಅತ್ತೆಯ ಮೇಲೆ ಪ್ರೀತಿ ಉಕ್ಕಿದೆ ಎಂದು ಬಂಧುಗಳಲ್ಲಿ ಸುದ್ದಿಯಾಯಿತು.

ಮಾವ ಹತ್ತಿ ದಲಾಲಿ ಮಾಡುತ್ತಿದ್ದವರು. ಆಗ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುವ ಮನೆಗಳಿದ್ದವು. ಜಗಳೂರು, ಹರಪನಹಳ್ಳಿ ಸೀಮೆಯ ಹೊಲಗಳಿಗೆ ಮಾವ ಹೋಗುತ್ತಿದ್ದುದು ಇದೇ ಗಾಡಿಯ ಮೇಲೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಇದರಿಂದ ಗಾಡಿಗೆ ಎಷ್ಟು ಲಾಭವೋ ಗೊತ್ತಿಲ್ಲ, ಮಾಲೀಕನಿಗಂತೂ ಗತ್ತು ಬರುತ್ತಿತ್ತು. ಗೇರ್ ಹಾಕುವ ಕಡ್ಡಿಯೇ ಕಿಕ್ಕರ್ರೂ ಹೌದು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯಲು, ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರಿಗೆ. ಅದೂ ಎಡಗಡೆಗೆ. ಗೇರ್ ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುವ ಏರ್ಪಾಡೂ ಉಂಟು. ಕೀಲಿ ಎನ್ನುವುದು ತಲೆ ದಪ್ಪಗಿರುವ ಒಂದು ಮೊಳೆ, ಅಷ್ಟೇ. ಆದರೂ ಇದನ್ನು ಕಳ್ಳರಿಗೆ ಹೆದರದೆ ಬೀದಿಯಲ್ಲಿ ನಿಲ್ಲಿಸಬಹುದು. ಈಗಿನ ಹುಡುಗರು ಬಲಗಡೆ ಕಿಕ್ಕರ್ ಹುಡುಕಿ, ಸಿಗದೆ, ಬೈದುಕೊಂಡು ಹೋಗುತ್ತಾರೆ.

ಇದು ಹುಟ್ಟಿದ್ದು ಮೈಸೂರಿನ ಯಾದವಗಿರಿಯಲ್ಲಿ. ಇರಾನಿ ಮನೆತನದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಐಡಿಯಲ್ ಜಾವಾ ಎಂಬ ಕಾರ್ಖಾನೆ ಕಟ್ಟಿದರು. 1961ರಿಂದ ಅಲ್ಲಿ ಜಾವಾಗಳು ಹೊರಬಂದವು; 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. ಕಾರ್ಖಾನೆಯ ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರು. ಪಿ.ಜೆ. ಬಡಾವಣೆಯ ಪ್ರಿನ್ಸ್ ಜಯಚಾಮರಾಜರೂ ಅವರೇ. ಹೀಗಾಗಿ ಗಾಡಿ ಕೊನೆಗೆ ಬಂದು ಮಲಗಿದ್ದು ಗೊತ್ತುಗುರಿಯಿಲ್ಲದ ಜಾಗದಲ್ಲೇನಲ್ಲ. 1985ರ ಆಚೀಚೆ ಜಪಾನಿನ ತಂತ್ರಜ್ಞಾನದ ನೂರು ಸಿಸಿಯ ಸಣ್ಣ ಗಾಡಿಗಳು ಬಂದವು. ಹೀರೋ ಹೋಂಡಾದವರು ಒಂದು ಲೀಟರಿಗೆ ಎಷ್ಟು ದೂರ ಹೋಗಬಹುದು ಎಂದು ಜನರಿಗೆ ಲೆಕ್ಕ ಕಲಿಸಿಬಿಟ್ಟರು. ಲೆಕ್ಕ ಕಲಿತ ಜನ ಯೆಜ್ಡಿ ಕೊಳ್ಳುವುದಿಲ್ಲ. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಅವು ಫೋರ್ ಸ್ಟ್ರೋಕ್ ಗಾಡಿಗಳು. ಹೆಸರು ಅದೇ, ಕೆಮ್ಮು ಬೇರೆ.

ಬಳ್ಳಿ ಒಣಗಿದ ಮೇಲೆ ಗಾಡಿಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ವಿದ್ಯಾನಗರದ ನನ್ನ ಮನೆಗೆ ತಂದೆ. ಕಾರ್ ನಿಲ್ಲಿಸುವ ಜಾಗ ವರ್ಕ್‌ಶಾಪ್ ಆಯಿತು, ಕಾರು ಬೀದಿಗೆ ಹೋಯಿತು. ಹಳೇ ಗಾಡಿ ಬಿಚ್ಚಿ ಕೂತವನಿಗೆ ಪಾನಾ, ಸ್ಕ್ರೂಡ್ರೈವರ್ ಇಲ್ಲದಿದ್ದರೂ ನಡೆಯುತ್ತದೆ, ಗೇಟು ಮಾತ್ರ ಭದ್ರವಾಗಿರಬೇಕು. ನನ್ನ ಗೇಟು ಅಷ್ಟು ಭದ್ರವಾಗಿರಲಿಲ್ಲ. ಬೆಳಗಿನ ವಾಕಿಂಗಿನವರು, ಹಾಲಿನವನು, ಮೀಟರ್ ಓದುವವರು, ಮದುವೆ ಕಾರ್ಡ್ ಕೊಡಲು ಬಂದವರು ಎಲ್ಲರೂ ಒಳಗೆ ಬಂದು ಕುಕ್ಕರುಗಾಲಲ್ಲಿ ಕೂತು, ಗಾಡಿಯನ್ನು ನೋಡಿ ನಿಟ್ಟುಸಿರು ಬಿಟ್ಟು, “ನಮ್ಮದೂ ಒಂದಿತ್ರೀ” ಎನ್ನುವರು. ಇಷ್ಟು ಜನರ ಬಳಿ ಯೆಜ್ಡಿ ಇದ್ದಿದ್ದೇ ಆದರೆ ಮೈಸೂರಿನ ಕಾರ್ಖಾನೆ ಯಾಕೆ ಮುಚ್ಚಿತೋ ತಿಳಿಯದು. ಇನ್ನೊಂದು ಸೋಜಿಗ: ಅವರೆಲ್ಲರ ಗಾಡಿಯೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ನನ್ನ ನೆನಪಿನಲ್ಲಿರುವ ಯೆಜ್ಡಿ ಬೇರೆ. ಅದರ ಹಿಂದೆ ಸೋದರಳಿಯಂದಿರು ಸಾಲಾಗಿ ನೂಕುತ್ತ ಓಡುತ್ತಿದ್ದರು, ಮೇಲೆ ಮಾವ ಒಬ್ಬರೇ ಗಂಭೀರವಾಗಿ ಕೂತಿರುತ್ತಿದ್ದರು.

ಸಲಹೆಗಳಿಗಂತೂ ಬರವಿರಲಿಲ್ಲ. ಎಂಜಿನ್ ಜಾಮ್ ಆಗಿತ್ತು, ಪಿಸ್ಟನ್ ಅಲ್ಲಾಡುತ್ತಿರಲಿಲ್ಲ. ಪ್ಲಗ್ ತೆಗೆದು ಆ ತೂತಿನಲ್ಲಿ ಡೀಸೆಲ್ ಹಾಕು ಎಂದರು ಒಬ್ಬರು, ಸೀಮೆಎಣ್ಣೆ ಎಂದರು ಇನ್ನೊಬ್ಬರು. ನಿವೃತ್ತ ಉಪನ್ಯಾಸಕರೊಬ್ಬರು ಕೊಬ್ಬರಿ ಎಣ್ಣೆ ಎಂದರು. ಅವರ ವಿಷಯ ಇತಿಹಾಸ. ಎರಡು ಬಣವನ್ನೂ ಸಮಾಧಾನಪಡಿಸಲು ಡೀಸೆಲ್, ಸೀಮೆಎಣ್ಣೆ ಬೆರೆಸಿ ಹಾಕಿ ಬಿಟ್ಟೆ. ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಹೊಪ್ಪಳಿಕೆ ಎದ್ದಿತ್ತು. ಅದಕ್ಕೆ ಹಿಡಿ ನಟ್ಟುಗಳನ್ನೂ ಒಂದಿಷ್ಟು ಸೀಮೆಎಣ್ಣೆಯನ್ನೂ ಹಾಕಿ ಮುಚ್ಚಿ ಕುಲುಕಬೇಕು. ಮಗುವನ್ನು ಎತ್ತಿಕೊಂಡು ಆಡಿಸಿದ ಹಾಗಲ್ಲ ಅದು, ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯ ಬಿಸಿಲಿನಲ್ಲಿ ಕಬ್ಬಿಣದ ಡಬ್ಬ ಕುಲುಕುವುದು. ಪಕ್ಕದ ಮನೆಯವರು ಮೂರನೆಯ ದಿನ, ಏನೂ ತಿಳಿಯದವರಂತೆ, ಮಧ್ಯಾಹ್ನ ಮಲಗುವುದು ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಎಂಬ ಬಗ್ಗೆ ನನ್ನ ಹೆಂಡತಿಯ ಬಳಿ ಮಾತಾಡಿದರಂತೆ.

ಸೈಲೆನ್ಸರಿನ ಒಳಕೊಳವೆಗಳಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸುವುದರಿಂದ ಸುಡದೆ ಉಳಿದ ಎಣ್ಣೆಯೆಲ್ಲ ಅಲ್ಲಿ ಹೋಗಿ ಅಂಟುತ್ತದೆ. ಅದನ್ನು ಬೆಂಕಿಗೆ ಹಾಕಿ ಸುಡುವುದು ಹಳೇ ಪದ್ಧತಿ. ಸುಟ್ಟೆ. ಮಾವ ಹತ್ತಿ ನೋಡಲು ಓಡಾಡಿದ ದಾರಿಯೆಲ್ಲ ಆ ದಿನ ಹೊಗೆಯಾಗಿ ವಿದ್ಯಾನಗರದ ಮೇಲೆ ತೇಲಿತು. ಮಂಡಕ್ಕಿ ಭಟ್ಟಿ ಇಲ್ಲಿಗೂ ಬಂತೇ ಎಂದು ಯಾರೋ ಕೇಳಿದರು.

ಹಳೇ ಗಾಡಿ ಎಬ್ಬಿಸುವವರಲ್ಲಿ ಎರಡು ಮತ. ಒಂದು ‘ಒರಿಜಿನಲ್’ ಮತ. ಇವರಿಗೆ ಪ್ರತಿ ಬೋಲ್ಟಿನ ತಲೆಯ ಮೇಲೂ ಕಾರ್ಖಾನೆಯ ಗುರುತು ಇರಬೇಕು, ಬಣ್ಣ ಅದೇ ಛಾಯೆಯ ಮೆರೂನ್ ಆಗಿರಬೇಕು, ಟ್ಯಾಂಕಿನ ಮಂಡಿಪಟ್ಟಿಯ ರಬ್ಬರಿಗಾಗಿ ಮೂರು ರಾಜ್ಯ ಸುತ್ತಬೇಕು. ಎಲ್ಲ ಮುಗಿದ ಮೇಲೆ ಗಾಡಿಯನ್ನು ಹಾಲ್‌ನಲ್ಲಿ ಇಟ್ಟು ಮೃದುವಾದ ಬಟ್ಟೆಯಿಂದ ಒರೆಸುತ್ತಾರೆ. ಇನ್ನೊಂದು ‘ಓಡಿದರೆ ಸಾಕು’ ಮತ. ನಾನು ಈ ಎರಡನೆಯದಕ್ಕೆ ಸೇರಿದವನು, ಬಡತನದಿಂದಷ್ಟೇ ಅಲ್ಲ. ಮಾವ ಟ್ಯಾಂಕಿನ ಮೇಲೆ ಹತ್ತಿ ಚೀಲ ಅಡ್ಡ ಹಾಕಿಕೊಂಡು ಬರುತ್ತಿದ್ದರು. ಅಲ್ಲಿ ಕ್ರೋಮ್ ಸವೆದು ಹಿತ್ತಾಳೆ ಬಣ್ಣಕ್ಕೆ ತಿರುಗಿದ ಒಂದು ಅಗಲವಾದ ಕಲೆ ಇದೆ. ನಿಕ್ಕಲ್ ಅಂಗಡಿಯವನು ಅದನ್ನು ಒಂದು ಗಂಟೆಯಲ್ಲಿ ಅಳಿಸಿ ಕೊಡುತ್ತೇನೆಂದ. ಬೇಡವೆಂದೆ. ದುಡಿದದ್ದರ ಗುರುತನ್ನು ಅಳಿಸಿ ಹೊಸದರಂತೆ ಮಾಡುವುದಾದರೆ ಹೊಸದನ್ನೇ ಕೊಳ್ಳಬಹುದಲ್ಲ. ಅತ್ತೆಗೆ ಈ ವಾದ ಹಿಡಿಸಲಿಲ್ಲ. “ತಿಕ್ಕಿಸು, ಜನ ಏನಂತಾರೆ” ಎಂದರು.

ಬಿಡಿಭಾಗಗಳ ವಿಷಯ ಎತ್ತಿದರೆ ಮಾತು ಮುಗಿಯದು. ದೆಹಲಿಯ ಕರೋಲ್ ಬಾಗಿನಿಂದ ಅಂಚೆಯಲ್ಲಿ ಬರುತ್ತವೆ. ಬಂದದ್ದು ಸರಿಹೊಂದಿದರೆ ಪುಣ್ಯ. ಪಾಯಿಂಟು, ಕಂಡೆನ್ಸರ್ ಹೇಗೋ ಸಿಕ್ಕವು. ಕಗ್ಗಂಟಾಗಿದ್ದು ಎಂಜಿನ್ನಿನ ಒಳಗೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಓಡುತ್ತಿದ್ದರೆ ಎಣ್ಣೆ, ನಿಂತರೆ ಉಪವಾಸ. ಹತ್ತಾರು ವರ್ಷ ಉಪವಾಸ ಬಿದ್ದು ಕನೆಕ್ಟಿಂಗ್ ರಾಡಿನ ಬೇರಿಂಗು ತುಕ್ಕು ಹಿಡಿದಿತ್ತು. ನಮ್ಮೂರಿನ ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, “ಇದು ಹರಿಹರದ ಕೇಸ್ ಸಾರ್” ಎಂದ. ವೈದ್ಯರು ಮಣಿಪಾಲಕ್ಕೆ ಬರೆದುಕೊಡುವ ದನಿಯಲ್ಲೇ ಹೇಳಿದ.

ಹರಿಹರ ನಮಗೆ 14 ಕಿಲೋಮೀಟರ್. ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು, ದೊಡ್ಡಬಾತಿ ದಾಟಿ ಹೋದೆ. ಹೊರಗಿನವರಿಗೆ ಹರಿಹರ ಎಂದರೆ ತುಂಗಭದ್ರೆ, ಹರಿಹರೇಶ್ವರ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಆದರೆ ಕಬ್ಬಿಣದ ಕೆಲಸ ಬಲ್ಲವರಿಗೆ ಹರಿಹರ ಎಂದರೆ ಮೈಸೂರ್ ಕಿರ್ಲೋಸ್ಕರ್. ಎರಡನೇ ಮಹಾಯುದ್ಧ ನಡೆದಿದ್ದ 1941ರಲ್ಲಿ ಅದು ಶುರುವಾಯಿತು. ಅವರು ಮಾಡುತ್ತಿದ್ದುದು ಲೇತ್, ಅಂದರೆ ಬೇರೆ ಯಂತ್ರಗಳ ಭಾಗಗಳನ್ನು ಕಡೆಯುವ ಯಂತ್ರ. ಕಾರ್ಖಾನೆಯ ಬಡಾವಣೆಯ ಹೆಸರೇ ಯಂತ್ರಾಪುರ. ಯಾವ ಊರಿನ ಬೋರಿಂಗ್ ಅಂಗಡಿಗೆ ಹೋಗಿ, ಐಟಿಐ ಶೆಡ್ಡಿಗೆ ಹೋಗಿ, ಎರಕದ ಕಬ್ಬಿಣದ ಮೇಲೆ ಉಬ್ಬಕ್ಷರದಲ್ಲಿ ಆ ಹೆಸರು ಕಾಣುವ ಕಾಲವೊಂದಿತ್ತು, ಈಗಲೂ ಕಾಣುತ್ತದೆ. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಆ ಕಾರ್ಖಾನೆಯೂ ನಿಂತಿತು. ಸಾವಿರಾರು ಕೈಗಳು ಮನೆಗೆ ಬಂದವು. ಆದರೆ ಆ ಕೈಗಳಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಕೆಲವರು ತಗಡಿನ ಶೆಡ್ ಹಾಕಿ, ತಾವೇ ಹಿಂದೊಮ್ಮೆ ಮಾಡಿ ಕಳಿಸಿದ್ದ ಲೇತನ್ನೇ ಹಳೇ ಬೆಲೆಗೆ ಕೊಂಡು ತಂದು ನಿಲ್ಲಿಸಿಕೊಂಡರು.

ಅಂಥ ಒಬ್ಬ ಟರ್ನರ್ ಹತ್ತಿರ ಹೋಗಿದ್ದೆ. ವಯಸ್ಸು ಎಪ್ಪತ್ತು ದಾಟಿದೆ. ಕ್ರ್ಯಾಂಕನ್ನು ಗೋಣಿಯಿಂದ ಬಿಡಿಸಿ, ನನ್ನ ಮುಖ ನೋಡದೆ, “ಎಷ್ಟು ವರ್ಷ ನಿಲ್ಸಿದ್ರಿ?” ಎಂದರು. ಹೇಳಿದೆ. “ಮನುಷ್ಯರನ್ನೂ ಹಂಗೇ ನಿಲ್ಸಿದ್ರು” ಎಂದು ಕನ್ನಡಕ ಏರಿಸಿದರು. ಅಷ್ಟೇ, ಮುಂದೆ ಆ ಮಾತು ಬೆಳೆಸಲಿಲ್ಲ.

ಈ ಗಾಡಿಯ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಚಕ್ರಗಳ ನಡುವೆ ಒಂದು ಪಿನ್ನು, ಪಿನ್ನಿನ ಮೇಲೆ ಬೇರಿಂಗು, ಅದಕ್ಕೆ ಕನೆಕ್ಟಿಂಗ್ ರಾಡು. ಎಲ್ಲವನ್ನೂ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿರುತ್ತಾರೆ. ಹಳೆಯದನ್ನು ಒತ್ತಿ ಬಿಚ್ಚಿ ಹೊಸದನ್ನು ಒತ್ತಿ ಕೂಡಿಸುವುದು ಬಲದ ಕೆಲಸ, ಅದನ್ನು ಯಾರೂ ಮಾಡಬಹುದು. ಆಮೇಲಿನದೇ ವಿದ್ಯೆ. ಕೂಡಿಸಿದ್ದನ್ನು ಲೇತಿನ ಎರಡು ಸೆಂಟರುಗಳ ನಡುವೆ ಹಿಡಿದು, ಡಯಲ್ ಗೇಜ್ ತಾಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದರು. ಮುಳ್ಳು ಅತ್ತಿತ್ತ ಓಲಾಡಿತು. ತಾಮ್ರದ ಸುತ್ತಿಗೆಯಿಂದ ಒಂದು ಏಟು. ಮತ್ತೆ ತಿರುಗಿಸುವುದು, ಮತ್ತೆ ನೋಡುವುದು. ಎಲ್ಲಿ ಹೊಡೆಯಬೇಕು ಎನ್ನುವುದನ್ನು ಮುಳ್ಳು ಹೇಳುತ್ತದೆ, ಎಷ್ಟು ಜೋರಾಗಿ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅವರು ಇಂಚಿನ ಸಾವಿರದಲ್ಲೊಂದು ಭಾಗವನ್ನು ‘ಥೌ’ ಎನ್ನುತ್ತಾರೆ, ನಾವು ಚಿಟಿಕೆ ಉಪ್ಪು ಎನ್ನುವಷ್ಟು ಸಲೀಸಾಗಿ. “ಆರು ಥೌ ಇತ್ತು, ಈಗ ಎರಡಕ್ಕೆ ಬಂತು” ಎಂದರು. ಸಿಲಿಂಡರ್ ಬ್ಲಾಕನ್ನೂ ನೋಡಿದರು. ಕಾರ್ಖಾನೆಯಿಂದ ಬಂದಾಗ ಅದರ ಬೋರ್ 65 ಮಿಲಿಮೀಟರ್. ಗೆರೆ ಬಿದ್ದಿದ್ದರಿಂದ ಅರ್ಧ ಮಿಲಿಮೀಟರ್ ಹೆಚ್ಚಿಗೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಯಿತು. ಕಾಯುವ ಹೊತ್ತಿನಲ್ಲಿ ಗುಡಿಗೆ ಹೋಗಿ ಬಂದೆ. ಹರಿಯಿಂದಲೂ ಸಾಯದ, ಹರನಿಂದಲೂ ಸಾಯದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದ ಸ್ಥಳವಂತೆ ಅದು. ಮೈಸೂರಿನಲ್ಲಿ ಮುಚ್ಚಿದ ಕಾರ್ಖಾನೆಯ ಎಂಜಿನ್ನು, ಹರಿಹರದಲ್ಲಿ ಮುಚ್ಚಿದ ಕಾರ್ಖಾನೆಯ ಲೇತು ಆ ತಗಡಿನ ಶೆಡ್ಡಿನಲ್ಲಿ ಕೂಡಿಕೊಂಡದ್ದೂ ಅಂಥದೇ ಏರ್ಪಾಡು ಎಂದು ಮೂರ್ತಿಯ ಎದುರು ನಿಂತಾಗ ಅನಿಸಿತು. ಪೂಜಾರರು ತೀರ್ಥ ಕೊಟ್ಟರು. ಕೈಯಲ್ಲಿದ್ದ ಗ್ರೀಸ್ ನೋಡಿ ಸ್ವಲ್ಪ ಮೇಲಿಂದಲೇ ಕೊಟ್ಟರು.

ಕಾಗದಪತ್ರದ ಕಡೆಯೂ ಒಂದು ಕಣ್ಣಿಡಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ತುಂಬಿದ ಗಾಡಿಗೆ ಮಾತ್ರ ವಿಂಟೇಜ್ ಪದವಿ. 20,000 ರೂಪಾಯಿ ಕಟ್ಟಿದರೆ ವಿಎ ಅಕ್ಷರದ ವಿಶೇಷ ನಂಬರ್ ಕೊಡುತ್ತಾರೆ, ಜೊತೆಗೆ ದಿನನಿತ್ಯ ಓಡಿಸುವಂತಿಲ್ಲ ಎಂದೂ ಹೇಳುತ್ತಾರೆ. ನನ್ನದಕ್ಕೆ ಆ ಭಾಗ್ಯ 2029ಕ್ಕೆ. ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ, ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಂತು ಐದೈದು ವರ್ಷಕ್ಕೊಮ್ಮೆ ಆಯುಷ್ಯ ಬರೆಸಿಕೊಳ್ಳಬೇಕು. ಗೌರವ ಸಿಕ್ಕಿತೆಂದು ಮನೆಯಲ್ಲಿ ಕೂರುವುದಕ್ಕಿಂತ ಗೌರವವಿಲ್ಲದೆ ಮಂಡಿಪೇಟೆ ಸುತ್ತುವುದೇ ಲೇಸೆಂದು ನಾನೂ ಸುಮ್ಮನಿದ್ದೇನೆ.

ಎಂಜಿನ್ ಕೂಡಿಸಿದ ದಿನ ಗೇಟಿನಲ್ಲಿ ಸಣ್ಣ ಜಾತ್ರೆಯೇ ನೆರೆದಿತ್ತು. ಒಂದೇ ಕಿಕ್ಕಿನವರೆಲ್ಲ ಬಂದಿದ್ದರು. ಒಬ್ಬೊಬ್ಬರೂ ಒದ್ದು ನೋಡಿದರು, ಒಬ್ಬರ ಚಪ್ಪಲಿ ಹಾರಿ ದಾಸವಾಳದ ಗಿಡದಲ್ಲಿ ಸಿಕ್ಕಿತು. ಕೊನೆಗೆ ಅದು ಎದ್ದದ್ದು ನೂಕಿದಾಗಲೇ, ಮಾವನ ಕಾಲದ ವಾಡಿಕೆಯಂತೆ. ಇತಿಹಾಸದ ಉಪನ್ಯಾಸಕರು ಹೊಗೆಯೊಳಗಿಂದ ಕೆಮ್ಮುತ್ತ, ಕೊಬ್ಬರಿ ಎಣ್ಣೆ ಹಾಕಿದ್ದರೆ ಇಷ್ಟು ಹೊಗೆ ಬರುತ್ತಿರಲಿಲ್ಲ ಎಂದರು.

ಮೊದಲ ಸವಾರಿ ಪೆಟ್ರೋಲ್ ಬಂಕಿಗೆ. ಹಿಂದೆ ಪ್ರತಿ ಬಂಕಿನಲ್ಲೂ ಕೈಯಿಂದ ತಿರುಗಿಸುವ 2ಟಿ ಎಣ್ಣೆಯ ಯಂತ್ರವಿತ್ತು. ಈಗ ಬಾಟ್ಲಿ ನಾವೇ ಒಯ್ಯಬೇಕು. ಲೀಟರಿಗೆ 40 ಮಿಲಿಲೀಟರಿನಂತೆ ಟ್ಯಾಂಕಿಗೆ ಎಣ್ಣೆ ಸುರಿಯುವುದನ್ನು ನೋಡಿ ಬಂಕಿನ ಹುಡುಗ ಓಡಿ ಬಂದು, “ಸಾರ್, ಅದು ಪೆಟ್ರೋಲ್ ಹಾಕೋ ಜಾಗ!” ಎಂದ.

ಅಲ್ಲಿಂದ ಹಳೇ ಪಿ.ಬಿ. ರಸ್ತೆ ಹಿಡಿದು ಸೀದಾ ಹರಿಹರಕ್ಕೆ ಹೋದೆ. ಟರ್ನರ್ ಶೆಡ್ಡಿನಿಂದ ಹೊರಗೆ ಬಂದರು. ಬಣ್ಣ ನೋಡಲಿಲ್ಲ, ಟ್ಯಾಂಕಿನ ಕಲೆ ನೋಡಲಿಲ್ಲ. ಆರಿಸಬೇಡಿ ಎಂದು ಕೈಸನ್ನೆ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬಗ್ಗಿ ನಿಂತರು. ಬಹಳ ಹೊತ್ತು ಕೇಳಿದರು. ಆಮೇಲೆ ನೆಟ್ಟಗಾಗಿ, “ಆ ಎರಡು ಥೌ ಇದ್ವಲ್ರೀ, ಅವು ಮಾತಾಡಕತ್ಯಾವ. ಆಯ್ತವಾರ ಪುರುಸೊತ್ತು ಐತೇನು? ಬಿಚ್ಚೋಣ” ಎಂದರು.