ಉಪ್ಪು ತೆಗೆದು ಉಪ್ಪು ಹಾಕುವ ಯಂತ್ರ

ಬೆಂಗಳೂರಿನ ಅಡುಗೆಮನೆಗಳಲ್ಲಿ ಈಗ ದೇವರ ಪಟಕ್ಕಿಂತ ಎತ್ತರದಲ್ಲಿ ವಿರಾಜಮಾನವಾಗಿರುವುದು ಆರ್‌ಒ ಯಂತ್ರ. ಅದು ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯೊಳಗೆ ತೂರಿಸುತ್ತದೆ. ಫ್ಲೋರೈಡ್, ನೈಟ್ರೇಟ್ ಜೊತೆಗೆ ಪಾಪದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೊರಗೆ. ಕಳ್ಳನನ್ನು ಓಡಿಸಲು ಹೋಗಿ ನೆಂಟರನ್ನೂ ಓಡಿಸಿದ ಹಾಗೆ! ಆಮೇಲೆ ಮಿನರಲ್ ಕಾರ್ಟ್ರಿಡ್ಜ್ ಎಂಬ ಕೊಳವೆ ಜೋಡಿಸಿ, ಅದೇ ನೆಂಟರನ್ನು ದುಡ್ಡು ಕೊಟ್ಟು ವಾಪಸ್ ಕರೆಸಿಕೊಳ್ಳುತ್ತೇವೆ.

ಸರ್ವಿಸ್ ಹುಡುಗ ಬಂದರೆ ಮೊದಲು ಜೇಬಿನಿಂದ ಹೊರಬರುವುದು ಟಿಡಿಎಸ್ ಮೀಟರು. ಲೋಟದಲ್ಲಿ ಅದ್ದಿ, ಮುಖ ಸಪ್ಪೆ ಮಾಡಿ, "180 ಇದೆ ಸಾರ್, ಫಿಲ್ಟರ್ ಚೇಂಜ್ ಮಾಡ್ಲೇಬೇಕು" ಅನ್ನುತ್ತಾನೆ. ಲೀಟರಿಗೆ 500 ಮಿಲಿಗ್ರಾಂವರೆಗೆ ಅಡ್ಡಿಯಿಲ್ಲ ಎನ್ನುತ್ತದೆ ಬಿಐಎಸ್ ಮಾನದಂಡ ಎಂದರೆ, "ಅದೆಲ್ಲ ಪುಸ್ತಕದಲ್ಲಿ ಸಾರ್" ಎಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾನೆ. ಆ ಮೀಟರಿಗಾದರೋ ಕರಗಿದ ಲವಣದ ಲೆಕ್ಕ ಗೊತ್ತೇ ಹೊರತು ಕಾಲರಾ ಕ್ರಿಮಿಯ ಪರಿಚಯವಿಲ್ಲ. ಅದಕ್ಕೆ ಅಜ್ಜಿ ಕಾಲದಿಂದಲೂ ನೀರು ಕುದಿಸುವುದೇ ಮದ್ದು.

ಬೋರ್‌ವೆಲ್ಲಿನ ಗಡಸು ನೀರಿಗೆ ಆರ್‌ಒ ಬೇಕು, ಒಪ್ಪೋಣ. ಆದರೆ ಕಾವೇರಿ ನಲ್ಲಿಗೂ ಅದನ್ನು ಸಿಕ್ಕಿಸಿ, ಹೊರಹಾಕಿದ ಲವಣದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮನೆ ಒರೆಸುವವರಿದ್ದಾರೆ. ಮನೆಮಂದಿಗೆ ಕ್ಯಾಲ್ಸಿಯಂ ಕೊರತೆ ಬಂದರೂ ಬಂದೀತು, ನೆಲಕ್ಕಂತೂ ಬರಲಾರದು!