ಬಿಕರ್ನ ನ್ಯಾಯ: ನಾಲ್ಕರಲ್ಲಿ ಮಾತ್ರ ಬೀಸುವ ಫ್ಯಾನಿನ ಮೀಮಾಂಸೆ

ಗಾಳಿ ಪಂಚಭೂತಗಳಲ್ಲಿ ಒಂದೆಂದು ಹಿರಿಯರು ಹೇಳಿದರು; ಕಾರಿನೊಳಗೆ ಅದು ಎಷ್ಟು ವಿಧವೆಂದು ಹೇಳದೆ ಬಿಟ್ಟರು. ಆ ಕೊರತೆಯನ್ನು ತುಂಬಿದವರು ಕಾರು ತಯಾರಕರು. ಅವರ ಮತದಲ್ಲಿ ಗಾಳಿ ನಾಲ್ಕು ವಿಧ: ಒಂದು, ಎರಡು, ಮೂರು, ನಾಲ್ಕು. ಸೊನ್ನೆಯನ್ನೂ ಗಾಳಿಯ ಲೆಕ್ಕಕ್ಕೆ ಸೇರಿಸಬೇಕೇ ಎಂಬುದನ್ನು ಅಭಾವವೂ ಒಂದು ಪದಾರ್ಥವೆನ್ನುವ ವೈಶೇಷಿಕರಲ್ಲಿ ವಿಚಾರಿಸಬೇಕು. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಂತೂರು ವೃತ್ತದಲ್ಲಿ ಸಿಕ್ಕಿಬಿದ್ದವನಿಗಂತೂ ಗಾಳಿಯ ಅಭಾವ ಪದಾರ್ಥವೇ ಸರಿ. ಕೈಯಲ್ಲಿ ಹಿಡಿದು ಹಿಂಡಿದರೆ ನೀರು ಬರುತ್ತದೆ.

ಪ್ರಕೃತ ಸಂಶೋಧನೆಯ ಕ್ಷೇತ್ರ ನಂತೂರಿನಿಂದ ಬಿಕರ್ನಕಟ್ಟೆ ಕೈಕಂಬದವರೆಗಿನ ಹೆದ್ದಾರಿ ತುಂಡು. ಸರಕಾರಿ ಕಡತದಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 169, ನನ್ನ ಪ್ರಾಯದವರ ಬಾಯಲ್ಲಿ ಇನ್ನೂ 13. ಸಂಶೋಧನೆಯ ಉಪಕರಣ ಕೆಎ-19 ನೋಂದಣಿಯ, ಹದಿನಾಲ್ಕು ವರ್ಷ ಪ್ರಾಯದ ಒಂದು ಸಣ್ಣ ಕಾರು. ಸಾಕ್ಷಿ, ಹಿಂದಿನ ಸೀಟಿನ ನಮ್ಮ ದೊಡ್ಡಮ್ಮ. ಸಮಸ್ಯೆ ಇಷ್ಟೇ: ಏಸಿಯ ಫ್ಯಾನು ಒಂದರಲ್ಲಿ ತಿರುಗದು, ಎರಡರಲ್ಲಿ ತಿರುಗದು, ಮೂರರಲ್ಲೂ ತಿರುಗದು. ನಾಲ್ಕಕ್ಕೆ ತಿರುಗಿಸಿದರೆ ಮಾತ್ರ ಬಜ್ಪೆಯಿಂದ ವಿಮಾನ ಏಳುವ ಹಾಗೆ ಭೋರೆಂದು ಎದ್ದುಬಿಡುತ್ತದೆ.

ವಿಷಯಕ್ಕೆ ಬರುವ ಮೊದಲು ಸ್ಥಳನಾಮ ವಿಚಾರ. ಇದು ವಿದ್ವತ್ ಪ್ರಬಂಧವಾದ್ದರಿಂದ ವಿಷಯಕ್ಕೆ ಬೇಗ ಬರುವಂತಿಲ್ಲ. ಸಂಸ್ಕೃತದ ವಕಾರ ಕನ್ನಡದಲ್ಲಿ ಬಕಾರವಾಗುವುದು ಎಲ್ಲರೂ ಬಲ್ಲ ಸಂಗತಿ: ವೀಥಿ ಬೀದಿಯಾಯಿತು, ವಿದ್ಯೆ ಬಿಜ್ಜೆಯಾಯಿತು. ಆದ್ದರಿಂದ ವಿಕರ್ಣ ಬಿಕರ್ನನಾದ. ಅವನು ಕೂತ ಕಟ್ಟೆ ಬಿಕರ್ನಕಟ್ಟೆ. ವರ್ಣ ಬಣ್ಣವಾದ ಹಾಗೆ ವಿಕರ್ಣ ‘ಬಿಕಣ್ಣ’ನಾಗಬೇಕಿತ್ತಲ್ಲವೇ ಎಂದು ವೈಯಾಕರಣರು ಇಲ್ಲಿ ಕೈಯೆತ್ತುತ್ತಾರೆ. ನ್ಯಾಯವಾದ ಆಕ್ಷೇಪ. ಣಕಾರಕ್ಕೆ ನಾಲಿಗೆಯ ತುದಿಯನ್ನು ಮೇಲೆ ಮಡಚಬೇಕು. ನಮ್ಮ ಸೆಖೆಯಲ್ಲಿ ಯಾರಿಗೆ ಆಗುತ್ತದೆ ಮಾರಾಯ್ರೇ? ನಾಲಿಗೆ ಸುಮ್ಮನೆ ಹಲ್ಲಿಗೆ ಒರಗಿತು, ಣ ಹೋಗಿ ನ ಉಳಿಯಿತು. ಈ ವ್ಯುತ್ಪತ್ತಿ ಪೂರ್ತಿ ನನ್ನ ಸ್ವಂತದ್ದು. ಊರವರಾಗಲಿ ಭಾಷಾಶಾಸ್ತ್ರವಾಗಲಿ ಇದಕ್ಕೆ ಹೊಣೆಯಲ್ಲ.

ವಿಕರ್ಣ ಯಾರೆಂದು ಮರೆತವರಿಗಾಗಿ: ಧೃತರಾಷ್ಟ್ರನ ನೂರು ಮಕ್ಕಳಲ್ಲಿ ಒಬ್ಬ. ಜೂಜಿನ ಸಭೆಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ಭೀಷ್ಮರು ಧರ್ಮ ಸೂಕ್ಷ್ಮವೆಂದರು. ದ್ರೋಣರು ಸುಮ್ಮನಿದ್ದರು, ಕೃಪರೂ ಸುಮ್ಮನಿದ್ದರು. ಎದ್ದು ಮಾತಾಡಿದವನು ಈ ಹುಡುಗ. ರಾಜರಿಗೆ ನಾಲ್ಕು ವ್ಯಸನಗಳು, ಬೇಟೆ, ಕುಡಿತ, ಜೂಜು, ಅತಿಕಾಮ; ವ್ಯಸನಕ್ಕೆ ಸಿಕ್ಕವನು ಒಡ್ಡಿದ ಪಣ ಪಣವೇ ಅಲ್ಲ ಎಂದ. ನಾಲ್ಕು ಎಂಬ ಸಂಖ್ಯೆಯನ್ನು ಓದುಗರು ಗಮನಿಸಬೇಕು. ಇನ್ನು ನನ್ನ ಕಾರಿನಲ್ಲಿ ಫ್ಯಾನಿನ ವೇಗ ತಿರುಗಿಸುವ ಗುಬುಟನ್ನು ನೋಡಿ. ಒಂದು, ಭೀಷ್ಮ. ಎರಡು, ದ್ರೋಣ. ಮೂರು, ಕೃಪ. ನಾಲ್ಕು, ವಿಕರ್ಣ. ಮಹಾಭಾರತದ ಸಭಾಪರ್ವವನ್ನು ಡ್ಯಾಶ್‌ಬೋರ್ಡಿನಲ್ಲಿ ಇಷ್ಟು ಸ್ಪಷ್ಟವಾಗಿ ಹೊತ್ತು ತಿರುಗುವ ವಾಹನ ಮತ್ತೊಂದಿಲ್ಲ. ವಿಕರ್ಣ ಎಂದರೆ ಕಿವಿಯಿಲ್ಲದವನು ಎಂದೂ ಅರ್ಥವಾಗುತ್ತದೆ. ನಾಲ್ಕರಲ್ಲಿ ಫ್ಯಾನು ಬೀಸುವಾಗ ಕಾರಿನೊಳಗಿದ್ದ ಎಲ್ಲರೂ ವಿಕರ್ಣರೇ. ದೊಡ್ಡಮ್ಮ ನಂತೂರಿನಲ್ಲಿ ಏನೋ ಕೇಳಿದರು. ಬಾಯಿ ಆಡಿದ್ದು ಕನ್ನಡಿಯಲ್ಲಿ ಕಂಡಿತು, ಮಾತು ಕೇಳಲಿಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣಕ್ಕೆ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಮೆಟ್ಟಿಲು ಕಟ್ಟಿದ. ಅದೇ ಮೆಟ್ಟಿಲಿನಲ್ಲಿ ಜಾರುತ್ತ ಇಳಿಯೋಣ.

ಸೂತ್ರ: ನಾಲ್ಕರೊಳ್ ಬೀಸಿ ಮಿಕ್ಕುದರೊಳ್ ಮೂಗುವಟ್ಟೊಡೆ ತಡೆಯೆ ಕೆಟ್ಟುದು.

ವೃತ್ತಿ: ಫ್ಯಾನಿನ ಮೋಟರಿಗೆ ಬ್ಯಾಟರಿಯ 12 ವೋಲ್ಟು ನೇರವಾಗಿ ಸಿಕ್ಕಿದರೆ ಅದು ತನ್ನ ಪೂರ್ಣ ವೇಗದಲ್ಲಿ ಓಡುತ್ತದೆ. ಅದೇ ನಾಲ್ಕು. ವೇಗ ತಗ್ಗಿಸಲು ದಾರಿಯಲ್ಲಿ ತಂತಿಯ ಸುರುಳಿಗಳನ್ನು ಒಂದರ ಹಿಂದೆ ಒಂದು ಅಡ್ಡ ಇಡುತ್ತಾರೆ. ಇದಕ್ಕೆ ಶಾಸ್ತ್ರದಲ್ಲಿ ತಡೆ, ಗ್ಯಾರೇಜಿನಲ್ಲಿ ರೆಸಿಸ್ಟರ್. ಮೂರಕ್ಕೆ ಒಂದು ಸುರುಳಿ, ಎರಡಕ್ಕೆ ಎರಡು, ಒಂದಕ್ಕೆ ಮೂರೂ. ನಾಲ್ಕರ ವಿದ್ಯುತ್ತು ಈ ಸುರುಳಿಗಳ ಗೊಡವೆಗೇ ಹೋಗದೆ ಹೊರದಾರಿಯಲ್ಲಿ ಹಾಯುತ್ತದೆ. ಆದ್ದರಿಂದ ನಾಲ್ಕರಲ್ಲಿ ಬೀಸಿದರೆ ಮೋಟರು ಬದುಕಿದೆ, ಫ್ಯೂಸು ಬದುಕಿದೆ, ಅರ್ತು ಸರಿಯಾಗಿದೆ, ಸತ್ತದ್ದು ತಡೆ. ಬರೀ ಒಂದು ಮಾತ್ರ ಹೋದರೆ ಕೊನೆಯ ಸುರುಳಿ ಕಡಿದಿದೆ ಎನ್ನಬಹುದು. ಮೂರೂ ಒಟ್ಟಿಗೆ ಹೋದರೆ ಸುರುಳಿಗಳ ಜೊತೆ ಕೂತ ಶಾಖದ ಫ್ಯೂಸು ಪ್ರಾಣ ಬಿಟ್ಟಿರುವುದೇ ಹೆಚ್ಚು.

ಈ ತಡೆಯ ತತ್ತ್ವವನ್ನು ಗೇಯಾರ್ಗ್ ಓಮ್ ಎಂಬ ಜರ್ಮನ್ ಪಂಡಿತ 1827ರಲ್ಲಿ ಪುಸ್ತಕವಾಗಿ ಬರೆದ. ಹೆಸರಿನ ಬಲದಿಂದ ಇದೂ ನಮ್ಮ ಋಷಿಗಳ ಶೋಧವೇ ಎಂದು ಸಾಧಿಸಲು ಅವಕಾಶವಿತ್ತು. ಆ ಕೆಲಸಕ್ಕೆ ಬೇರೆಯವರು ಇದ್ದಾರೆ. ನನಗೆ ರುಚಿಸಿದ್ದು ತಡೆಯ ಜೀವನಕ್ರಮ. ಒಂದರ ಸ್ಥಾನದಲ್ಲಿ ಅದು 8 ವೋಲ್ಟನ್ನು ತಾನು ನುಂಗಿ 4 ಆಂಪಿಯರ್ ಹರಿಯಬಿಟ್ಟಿತೆಂದು ಇಟ್ಟುಕೊಳ್ಳಿ. 32 ವ್ಯಾಟ್ ಶಾಖ ಹುಟ್ಟಿತು. ತಂಪಿನ ಯಂತ್ರದ ಹೊಟ್ಟೆಯೊಳಗೆ ಕೂತು ಕಾಯುವ ಬಾಣಲೆ! ಅದು ಕರಗದಿರಲೆಂದು ಅದನ್ನು ಫ್ಯಾನಿನ ಗಾಳಿ ಹಾಯುವ ಕೊಳವೆಯಲ್ಲೇ ಕೂರಿಸಿರುತ್ತಾರೆ. ತಾನು ಯಾವ ಗಾಳಿಯನ್ನು ಅಡಗಿಸುತ್ತದೋ ಆ ಗಾಳಿಯಿಂದಲೇ ಅದಕ್ಕೆ ಉಸಿರು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ಕಟ್ಟಿದರೆ ತಡೆ ಸುಡುತ್ತದೆ. ಗಾಳಿ ಯಾಕೆ ಕಟ್ಟುತ್ತದೆ? ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ 45 ಕಿಲೋಮೀಟರ್ ಚತುಷ್ಪಥವಾಗಹೊರಟ ದಾರಿಯಲ್ಲಿ ಓಡಾಡಿದ ಕಾರಿನ ಫಿಲ್ಟರನ್ನು ಹೊರಗೆಳೆದು ನೋಡಿ. ಮುರಕಲ್ಲಿನ ಕೆಂಪು ಧೂಳು ಕೊಟ್ಟಿಗೆಯ ಗೋಡೆಗೆ ಬಳಿಯುವಷ್ಟು ಸಿಗುತ್ತದೆ. ಇನ್ನು ಎದುರಿನ ಗಾಜಿನ ಬುಡದ ಜಾಲರಿಯಿಂದ ಇಳಿಯುವ ಸಾಮಗ್ರಿ ಬೇರೆ. ನಾನು ಕಾರು ನಿಲ್ಲಿಸುವುದು ರೆಂಜೆ ಮರದ ಅಡಿಯಲ್ಲಿ. ಫ್ಯಾನಿನ ಚಕ್ರ ಅಳಿಲು ಓಡುವ ಪಂಜರದ ಆಕಾರದಲ್ಲಿರುತ್ತದೆ. ಅದರೊಳಗೆ ಒಣಗಿದ ರೆಂಜೆ ಹೂ, ಮಾವಿನ ಎಲೆ, ಒಂದು ಇಲಿ ಕಚ್ಚಿ ತಂದಿಟ್ಟ ಮದುವೆ ಕಾಗದದ ತುಂಡು ಸಿಕ್ಕಿದವು. ಮುಹೂರ್ತದ ಗಳಿಗೆ ಮಾತ್ರ ಓದಲು ಬರುತ್ತಿತ್ತು: 12.05, ಅಭಿಜಿನ್ ಲಗ್ನ.

ಪ್ರಯೋಗ: ಇಲ್ಲಿ ಶಾಸ್ತ್ರಕಾರನ ವೈಯಕ್ತಿಕ ಅನುಭವ ಅನಿವಾರ್ಯ. ನಗರದ ಒಂದು ಗ್ಯಾರೇಜಿಗೆ ಕಾರು ಒಯ್ದೆ. ಗುಬುಟನ್ನು ಮುಟ್ಟಿಯೂ ನೋಡದೆ ‘ಗ್ಯಾಸ್ ಖಾಲಿ’ ಎಂದರು. ಗಾಳಿಯೇ ಬರುವುದಿಲ್ಲ ಎಂದೆ. ಗ್ಯಾಸ್ ಇಲ್ಲದೆ ಗಾಳಿ ಹೇಗೆ ಬರುತ್ತದೆ ಎಂದು ನನ್ನನ್ನೇ ಕೇಳಿದರು. ಸಭೆಯಲ್ಲಿ ಕರ್ಣ ಎದ್ದು ‘ಹುಡುಗಾಟ ಬಿಡು’ ಎಂದು ವಿಕರ್ಣನನ್ನು ಕೂರಿಸಿದ್ದು ಹೀಗೆಯೇ. ಕೂತೆ. ದೊಡ್ಡಮ್ಮನ ಕೈಯಿಂದ ಎರಡು ಸಾವಿರ ಪಡೆದು ಗ್ಯಾಸ್ ತುಂಬಿಸಿದೆ. ಒಂದು, ಎರಡು, ಮೂರು ಹಿಂದಿನಂತೆಯೇ ಮೌನವ್ರತದಲ್ಲಿ ಉಳಿದವು.

ಇದು ದಾರ್ಶನಿಕ ತಪ್ಪು, ಬರೀ ತಾಂತ್ರಿಕ ತಪ್ಪಲ್ಲ. ಕಾರಿನವರು ಹುಟ್ಟಾ ಅದ್ವೈತಿಗಳು. ತಂಪು, ಗಾಳಿ, ಗ್ಯಾಸು, ಗುಬುಟು ಎಲ್ಲವೂ ಅವರಿಗೆ ‘ಏಸಿ’ ಎಂಬ ಒಂದೇ ತತ್ತ್ವ. ಏನು ಕೆಟ್ಟರೂ ‘ಏಸಿ ಹೋಯ್ತು’. ಉಡುಪಿಯ ಪಕ್ಕದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಐದು ಬಗೆಯ ಭೇದಗಳನ್ನು ಸಾರಿದ ಜಿಲ್ಲೆಗಳಲ್ಲಿ ಇಂಥ ಅಭೇದಬುದ್ಧಿ ಶೋಭಿಸದು. ಕಂಪ್ರೆಸರ್ ಬೇರೆ, ಬ್ಲೋವರ್ ಬೇರೆ. ಗ್ಯಾಸ್ ಮುಗಿದರೆ ಗಾಳಿ ಬರುತ್ತದೆ, ತಂಪಿರುವುದಿಲ್ಲ. ಬ್ಲೋವರ್ ಹೋದರೆ ತಂಪು ಒಳಗೇ ಹುಟ್ಟಿ ಒಳಗೇ ಹಿಮಗಟ್ಟುತ್ತದೆ, ನಮ್ಮ ಮುಖದವರೆಗೆ ಬಾರದು. ಇಷ್ಟು ಭೇದಜ್ಞಾನವಿದ್ದರೆ ಎರಡು ಸಾವಿರ ಉಳಿಯುತ್ತದೆ. ಮೋಕ್ಷದ ಮಾತು ಆಮೇಲೆ.

ಕೊನೆಗೆ ಕೈ ಹಿಡಿದವರು ಕೈಕಂಬದ ಹತ್ತಿರದ ಒಬ್ಬ ಎಲೆಕ್ಟ್ರಿಶಿಯನ್. ಕೈಕಂಬವೆಂದರೆ ದಾರಿ ತೋರಿಸುವ ಕಂಬ, ಗುರುಪುರದ್ದೊಂದು, ಬಿ.ಸಿ. ರೋಡಿನದ್ದೊಂದು ಇದ್ದರೂ ನನ್ನ ಪಾಲಿಗೆ ದಾರಿ ತೋರಿದ್ದು ಬಿಕರ್ನಕಟ್ಟೆಯದ್ದೇ. ಅವರು ಗುಬುಟನ್ನು ಒಂದು ಸುತ್ತು ತಿರುಗಿಸಿ, ನಾಲ್ಕರ ಗರ್ಜನೆ ಕೇಳಿ, ‘ಮೋಟರ್ ಸರಿ ಉಂಡು ಮಾರಾಯ್ರೇ, ರೆಸಿಸ್ಟರ್ ಪೋತುಂಡು’ ಎಂದರು. ನನ್ನ ಆರು ಪುಟದ ಟಿಪ್ಪಣಿ ತುಳುವಿನಲ್ಲಿ ಆರು ಶಬ್ದವಾಯಿತು. ಬಳಿಕ ಎಡಗಡೆಯ ಸೀಟಿನಲ್ಲಿ ತಲೆ ಕೆಳಗೆ, ಕಾಲು ಹೊರಗೆ ಮಾಡಿ ಗ್ಲೋವ್ ಬಾಕ್ಸಿನ ಅಡಿಗೆ ಹೊಕ್ಕರು. ಎರಡು ಸ್ಕ್ರೂ ಬಿಚ್ಚಿ ಹೊರತೆಗೆದ ವಸ್ತು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಸುರುಳಿ ಕಪ್ಪಾಗಿತ್ತು. ಅದಕ್ಕೆ ಸಿಕ್ಕಿಸುವ ಕಪ್ಲರಿನ ಪ್ಲಾಸ್ಟಿಕ್ಕೂ ಸುಟ್ಟು ಗೇರುಬೀಜದ ಬಣ್ಣಕ್ಕೆ ತಿರುಗಿತ್ತು. ಎರಡನ್ನೂ ಬದಲಿಸಿದರು, ಒಂದನ್ನೇ ಬದಲಿಸಿದರೆ ಸಡಿಲ ಪಿನ್ನು ಕಾದು ಮತ್ತೆ ಸುಡುತ್ತದಂತೆ. ಹೊಸ ರೆಸಿಸ್ಟರೂ ತಿಂಗಳೊಳಗೆ ಹೋದರೆ ಮೋಟರಿನ ಬೇರಿಂಗ್ ಬಿಗಿದು ಹೆಚ್ಚು ಕರೆಂಟು ಎಳೆಯುತ್ತಿದೆ ಎಂದು ತಿಳಿಯಬೇಕು.

ಉಳಿದ ಸೂತ್ರಗಳನ್ನು ಓಡುತ್ತ ಹೇಳುತ್ತೇನೆ. ನಾಲ್ಕರೊಳಂ ಮೂಗಾದೊಡೆ ಮೊದಲ್ ಫ್ಯೂಸಂ ನೋೞ್ಪುದು. ಫ್ಯೂಸು ಸರಿಯಿದ್ದರೆ ರಿಲೇ, ಆಮೇಲೆ ಗುಬುಟಿನ ಸ್ವಿಚ್ಚು, ಅರ್ತು, ಮೋಟರು. ಹೋದ ಫ್ಯೂಸಿನ ಜಾಗಕ್ಕೆ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿಡುವ ಸಂಪ್ರದಾಯವೊಂದಿದೆ. ಆ ಪಂಥದವರ ಕಾರಿನಲ್ಲಿ ಮುಂದೆ ಸುಡುವುದು ಫ್ಯೂಸಲ್ಲ, ವೈರಿಂಗು. ತಟ್ಟಿದೊಡೆ ತಿರುಗುವುದು ಕಾರ್ಬನ್‌ದೋಷಂ: ಗ್ಲೋವ್ ಬಾಕ್ಸಿನ ಅಡಿಗೆ ಕಾಲಿನಿಂದ ಒಂದು ಕೊಟ್ಟಾಗ ಫ್ಯಾನು ಎಚ್ಚತ್ತರೆ ಮೋಟರಿನೊಳಗಿನ ಕಾರ್ಬನ್ ಸವೆದಿದೆ. ಪೆಟ್ಟಿನ ಪರಿಣಾಮ ದಿನದಿಂದ ದಿನಕ್ಕೆ ಕಡಿಮೆಯಾಗುವುದು ಶಾಲಾಮಾಸ್ತರರಿಗೆಲ್ಲ ಗೊತ್ತು.

ಗುಬುಟಿನ ಪಕ್ಕದಲ್ಲಿ ಇನ್ನೊಂದು ಗುಬುಟು. ಅರ್ಧ ನೀಲಿ, ಅರ್ಧ ಕೆಂಪು. ಕೆಂಪು ಎಂದರೆ ಹೀಟರ್. ಎಂಜಿನ್ ಕಾಯಿಸಿದ ನೀರು ಒಂದು ಸಣ್ಣ ರೇಡಿಯೇಟರಿನಲ್ಲಿ ಹರಿಯುತ್ತದೆ, ಇದೇ ಫ್ಯಾನು ಅದರ ಮೇಲೆ ಬೀಸುತ್ತದೆ. ಮಂಗಳೂರಿನಲ್ಲಿ ಈ ಕೆಂಪು ಪ್ರದೇಶ ಅನ್ವೇಷಕರನ್ನೇ ಕಾಣದ ಖಂಡ. ಜನವರಿ 14ರಂದು ಬಿಕರ್ನಕಟ್ಟೆಯ ಬಾಲಯೇಸು ಪುಣ್ಯಕ್ಷೇತ್ರದ ಹಬ್ಬ. ನಮ್ಮ ಪಾಲಿನ ಕಡುಚಳಿ ಅದೇ. ಆವತ್ತು ಸಂಜೆಯೂ ಟ್ರಾಫಿಕ್ಕಿನಲ್ಲಿ ಜನ ಹುಡುಕುವುದು ನೀಲಿಯನ್ನೇ. ಆದರೂ ಹೀಟರ್ ವ್ಯರ್ಥವಲ್ಲ. ಚಾರ್ಮಾಡಿ ಹತ್ತುವಾಗ ಎಂಜಿನ್ ಕಾದು ಮುಳ್ಳು ಮೇಲೇರಿದರೆ ಏಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿ, ಫ್ಯಾನು ನಾಲ್ಕಕ್ಕಿಟ್ಟರೆ ಎಂಜಿನ್ನಿನ ಶಾಖದಲ್ಲಿ ಒಂದು ಪಾಲು ಒಳಗೆ ಕೂತವರ ಮೈಗೆ ವರ್ಗಾವಣೆಯಾಗುತ್ತದೆ. ಎಂಜಿನ್ ಬದುಕುತ್ತದೆ. ಒಳಗಿನವರ ಮಾತು ಬೇರೆ.

ಹಾಗಾದರೆ ಫ್ಯಾನು ಬರೀ ಸುಖದ ವಸ್ತುವೇ? ಜೂನ್ ಬರಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿದು. ಒದ್ದೆ ಕೊಡೆ, ಒದ್ದೆ ಚಪ್ಪಲಿ, ನಾಲ್ಕು ಜನರ ಉಸಿರು ಸೇರಿ ಎದುರಿನ ಗಾಜಿಗೆ ಒಳಗಿನಿಂದ ಮಂಜು ಹಿಡಿದರೆ ಪಡೀಲಿನಿಂದ ಬರುವ ಲಾರಿ ಬರೀ ಎರಡು ಹಳದಿ ಚುಕ್ಕೆ. ಏಸಿಯ ತಣ್ಣನೆ ಸುರುಳಿಗೆ ತಾಗಿದ ಗಾಳಿಯ ತೇವ ನೀರಾಗಿ ಇಳಿದು, ಒಣಗಿದ ಗಾಳಿ ಗಾಜಿಗೆ ಬಡಿದರೆ ನಿಮಿಷದೊಳಗೆ ದಾರಿ ಕಾಣುತ್ತದೆ. ಅದಕ್ಕೆ ಬೇಕಾದ್ದು ಫ್ಯಾನು. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಗ ಆರಿಸಿರಬೇಕು. ಮಂಜು ಗಾಜಿನ ಹೊರಮೈಯಲ್ಲಿದ್ದರೆ ಏಸಿ ಅತಿಯಾಗಿದೆ ಎಂದರ್ಥ, ವೈಪರ್ ಸಾಕು. ಫ್ಯಾನಿಲ್ಲದ ಮಳೆಗಾಲದಲ್ಲಿ ನಾನು ಹಳೆ ಬನಿಯನ್ನಿನಿಂದ ಗಾಜು ಒರೆಸುತ್ತ, ಕಂಡಷ್ಟೇ ಲೋಕವೆಂದು ಕುಲಶೇಖರದವರೆಗೆ ಹೋದದ್ದುಂಟು. ಅದನ್ನು ಯಾರೂ ಅನುಸರಿಸಬಾರದು.

ಇತಿಹಾಸ ಹೇಳದೆ ಮುಗಿಸಿದರೆ ಪ್ರಬಂಧ ಅಪೂರ್ಣವೆನ್ನುತ್ತಾರೆ. ಅಮೆರಿಕದ 1940ರ ಮಾದರಿಯ ಪ್ಯಾಕಾರ್ಡ್ ಕಾರಿನಲ್ಲಿ ಏಸಿ ಡಿಕ್ಕಿಯಲ್ಲಿತ್ತು. ತಂಪು ಹೆಚ್ಚಾಯಿತೆಂದರೆ ಇಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟು ಕಳಚಬೇಕಿತ್ತು. ನಮ್ಮ ಅಂಬಾಸಿಡರಿನಲ್ಲಿ ಅಂಥ ಕಷ್ಟವಿರಲಿಲ್ಲ. ಮುಂದಿನ ಕಿಟಕಿಯ ತ್ರಿಕೋನ ಗಾಜನ್ನು ಹೊರಕ್ಕೆ ತಿರುಗಿಸಿದರೆ ಗಾಳಿ ಒಳಗೆ, ಫ್ಯೂಸಿಲ್ಲ, ರೆಸಿಸ್ಟರಿಲ್ಲ. ಅದರ ಉತ್ಪಾದನೆ ನಿಂತದ್ದು 2014ರಲ್ಲಿ. ತ್ರಿಕೋನ ಗಾಜಿನ ಮೇಲೆ ಯಾರೂ ಪಿಎಚ್.ಡಿ. ಮಾಡಿಲ್ಲವೆಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಕೆಡದ ವಸ್ತುವಿನ ಬಗ್ಗೆ ಬರೆಯುವುದಾದರೂ ಏನನ್ನು?

ಹೊಸ ರೆಸಿಸ್ಟರ್ ಕೂತ ಮರುದಿನ ದೊಡ್ಡಮ್ಮನನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೊರಟೆ. ಗುಬುಟನ್ನು ಒಂದಕ್ಕೆ ತಂದೆ. ಭೀಷ್ಮರು ಮಾತಾಡಿದರು, ಮೆಲ್ಲಗೆ, ಪಿಸುಮಾತಿನಲ್ಲಿ. ಇಷ್ಟು ತಿಂಗಳ ಬಳಿಕ ಕಾರಿನೊಳಗೆ ಮನುಷ್ಯರ ಧ್ವನಿ ಕೇಳುವಷ್ಟು ನಿಶ್ಶಬ್ದವಿತ್ತು. ನಂತೂರಿನಲ್ಲಿ ಕಾರುಗಳ ಸಾಲು ನಿಂತಿತು. ಹಿಂದಿನ ಸೀಟಿನಿಂದ ದೊಡ್ಡಮ್ಮ, ಆವತ್ತು ಇಲ್ಲಿಯೇ ಕೇಳಿ ನನಗೆ ಕೇಳಿಸದೆ ಹೋದ ಪ್ರಶ್ನೆಯನ್ನು ಮತ್ತೆ ಕೇಳಿದರು: ‘ಅಲ್ಲ ಮಗಾ, ಗ್ಯಾಸ್ ತುಂಬಿಸಲಿಕ್ಕೆ ಅಂತ ಎರಡು ಸಾವಿರ ತಗೊಂಡಿಯಲ್ಲ, ಅದು ಏನಾಯ್ತು?’

ಧರ್ಮ ಸೂಕ್ಷ್ಮ. ಗುಬುಟನ್ನು ನಾಲ್ಕಕ್ಕೆ ತಿರುಗಿಸಿದೆ.