ಹನ್ನೆರಡು ಕಂತಿನ ವೈರಾಗ್ಯ

ಬ್ರಿಟಿಷರ ಟೆಲಿವಿಷನ್ ಧಾರಾವಾಹಿಗೂ ಅಮೆರಿಕನ್ನರ ಧಾರಾವಾಹಿಗೂ ಇರುವ ಅಂತರವು ಸಂನ್ಯಾಸಕ್ಕೂ ಸಂಸಾರಕ್ಕೂ ಇರುವಂಥದು. ‘ಫಾಲ್ಟಿ ಟವರ್ಸ್’ 1975ರಲ್ಲಿ ಆರು, 1979ರಲ್ಲಿ ಆರು, ಹೀಗೆ ಹನ್ನೆರಡೇ ಕಂತುಗಳಲ್ಲಿ ಲೋಕವನ್ನು ನಗಿಸಿ ಬಾಗಿಲು ಮುಚ್ಚಿಕೊಂಡಿತು. ‘ದಿ ಆಫೀಸ್’ ಸಹ ಬ್ರಿಟನ್ನಿನಲ್ಲಿ ಹನ್ನೆರಡು ಕಂತುಗಳಿಗೆ ಕ್ರಿಸ್‌ಮಸ್ ವಿಶೇಷವೊಂದನ್ನು ಸೇರಿಸಿ ತೃಪ್ತಿಗೊಂಡಿತಾದರೆ, ಅದೇ ಕಚೇರಿಯು ಅಟ್ಲಾಂಟಿಕ್ ದಾಟಿದೊಡನೆ 2005ರಿಂದ 2013ರವರೆಗೆ ಇನ್ನೂರನ್ನೂ ಮೀರಿ ಬೆಳೆಯಿತು. ಒಬ್ಬಿಬ್ಬರೇ ಬರೆದು ಲೇಖನಿ ದಣಿದಲ್ಲಿ ನಿಲ್ಲುವುದು ಮೊದಲಿನವರ ಸಂಪ್ರದಾಯ. ಲೇಖಕರ ಪರಿಷತ್ತನ್ನೇ ಕೂಡಿಸಿ ಜಾಹೀರಾತುದಾರನು ದಣಿಯುವವರೆಗೆ ನಡೆಸುವುದು ಎರಡನೆಯವರದು.

ಈ ಎರಡು ಮತಗಳಲ್ಲಿ ನಮ್ಮ ಆರ್.ಟಿ. ನಗರವು ಯಾವುದನ್ನು ಅವಲಂಬಿಸಿದೆಯೆಂದರೆ, ಎರಡನ್ನೂ ಮೀರಿದ ಮೂರನೆಯದನ್ನು. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಹದಿಮೂರು ಕಂತುಗಳ ಮಿತಾಹಾರವನ್ನು ನಾವೂ ಆಚರಿಸಿದವರೇ. ಆದರೆ 2013ರ ಕೊನೆಗೆ ಮೊದಲಾದ ‘ಅಗ್ನಿಸಾಕ್ಷಿ’ ಮುಗಿದದ್ದು 2020ರ ಆದಿಯಲ್ಲಿ. ಅಮೆರಿಕದ ಪಾತ್ರಗಳಿಗಾದರೂ ಬೇಸಗೆಯ ವಿರಾಮವುಂಟು; ನಮ್ಮ ಅತ್ತೆಸೊಸೆಯರಿಗೆ ವಾರಾಂತ್ಯವಲ್ಲದೆ ಅನ್ಯ ವಿಶ್ರಾಂತಿಯಿಲ್ಲ.

ಹಾಗೆಂದು ಇದನ್ನು ಹಳಿಯಲಾಗದು. ಯಲಹಂಕದಲ್ಲಿ ಕೆಲಸ ಮುಗಿಸಿ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಕಲ ವೇದಾಂತವನ್ನೂ ಮನನ ಮಾಡಿ, ಮನೆ ಸೇರುವ ಗೃಹಸ್ಥನಿಗೆ ಬ್ರಿಟಿಷ್ ಪದ್ಧತಿಯಲ್ಲಿ ಒಂದು ಸಂಜೆ ತಡವಾದರೆ ಕಥೆಯ ಹನ್ನೆರಡನೆಯ ಒಂದು ಪಾಲು ನಷ್ಟ. ನಮ್ಮಲ್ಲಿಯೋ, ಸೋಮವಾರ ಮೆಟ್ಟಿಲಿಳಿಯಲು ಆರಂಭಿಸಿದ ನಾಯಕಿಯು, ಮೂರು ಮುಖಗಳ ಮೂರು ದಿಕ್ಕಿನ ವಿಸ್ಮಯವನ್ನು ಸ್ವೀಕರಿಸುತ್ತ, ಗುರುವಾರವೂ ಮೆಟ್ಟಿಲ ಮೇಲೆಯೇ ಇರುತ್ತಾಳೆ. ಹೆಬ್ಬಾಳದ ಪ್ರಜೆಗೆ ಇದಕ್ಕಿಂತ ದಯಾಮಯವಾದ ಕಲೆ ಬೇರುಂಟೆ?